ಜಮಾದಾರರಿಗೊಂದು ತಪ್ಪು ಬೇಕಾಗಿದೆ

ಹುದ್ದೆ ಇದ್ದೂ ಕೆಲಸವಿಲ್ಲದ ಮನುಷ್ಯನನ್ನು ಕೆಂಗಲ್‌ಹಟ್ಟಿಯ ಜನ ಅಲ್ಲಿಯತನಕ ಒಬ್ಬನನ್ನೇ ಕಂಡಿದ್ದರು. ಅವನು ಎಲ್ಲಿಯದೋ ಒಬ್ಬ ಫಾರೆಸ್ಟ್ ಗಾರ್ಡು. ಬೀಟೆಮರದ ವಿಷಯದಲ್ಲಿ ಏನೋ ಹೆಚ್ಚುಕಡಿಮೆಯಾಗಿ ಸಸ್ಪೆಂಡಾಗಿ, ಮಾವನ ಮನೆಯ ಜಗಲಿಯ ಮೇಲೆ ಎಂಟು ತಿಂಗಳು ಕೂತು, ಊರಿನವರ ಅವರೆಕಾಯಿಯನ್ನೆಲ್ಲ ಸುಲಿದುಕೊಟ್ಟು ಹೋದ. ಅವನಿಗೆ ಕೋಟಿತ್ತು, ಬಿಲ್ಲೆಯಿತ್ತು, ಕೆಲಸ ಮಾತ್ರ ಇರಲಿಲ್ಲ. ಆದ್ದರಿಂದ ಜರ್ಮನಿ ಯುದ್ಧ ಮುಗಿದ ಮಾರನೆಯ ವರ್ಷ ಸಣ್ಣಬೀರಪ್ಪ ಕೋಟು, ಬಿಲ್ಲೆ, ಕಾಲಿಗೆ ಸುತ್ತಿದ ಪಟ್ಟಿ ಎಲ್ಲದರ ಸಮೇತ ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ಬಂದು, "ನನಗೆ ಜಮಾದಾರಿಕೆ ಆಯ್ತು. ಇನ್ನು ಮನೇಲೇ ಇರ್ತೀನಿ" ಎಂದಾಗ, ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಸಣ್ಣಬೀರಪ್ಪ ಸಂಸ್ಥಾನದ ದಂಡಿನಲ್ಲಿ ಸಾಮಾನು ಸಾಗಿಸುವ ದಳಕ್ಕೆ ಹೇಸರಗತ್ತೆ ಹೊಡೆಯುವ ಆಳಾಗಿ ಸೇರಿದವನು. ಹದಿನಾಲ್ಕು ವರ್ಷ ಹೇಸರಗತ್ತೆಯ ಹಿಂದೆ ನಡೆದು, ಬಸ್ರಾದ ಮರಳು ತಿಂದು, ದಫೇದಾರನಾಗಿ, ಕೊನೆಗೆ ಯಾವುದೋ ದೊಡ್ಡ ಸಾಹೇಬರು ಅವನ ಹೇಸರಗತ್ತೆಗಳು ಗುಂಡಿನ ಸದ್ದಿಗೂ ಸಾಲು ಮುರಿಯದ್ದನ್ನು ನೋಡಿ ಮೆಚ್ಚಿ, ರಿಸರ್ವ್ ಜಮಾದಾರನನ್ನಾಗಿ ಮಾಡಿದ್ದರು. ಅಂದರೆ ಇನ್ನು ಅವನು ಆಳಲ್ಲ, ಆಫೀಸರು. ಆದರೆ ಮನೆಯಲ್ಲಿರುವ ಆಫೀಸರು. ಮತ್ತೆ ಯುದ್ಧವಾದರೆ ಕರೆಯುತ್ತಾರೆ, ಆಗ ಪಟ್ಟಿ ಸುತ್ತಿಕೊಂಡು ಹೊರಡಬೇಕು.

ಇದನ್ನೆಲ್ಲ ಬಾಯಲ್ಲಿ ಹೇಳಿದ್ದರೆ ಊರಿಗೆ ಅರ್ಥವಾಗುತ್ತಿತ್ತೋ ಏನೋ. ಆದರೆ ಆಫೀಸರಾದವನು ಬಾಯಲ್ಲಿ ಹೇಳಬಾರದು, ಕಾಗದ ಓದಿಸಬೇಕು ಎಂದು ಸಣ್ಣಬೀರಪ್ಪನಿಗೆ ಅನ್ನಿಸಿತು. ಅರಳಿಕಟ್ಟೆಯ ಮೇಲೆ ಶಾನುಭೋಗ ತಿಮ್ಮಪ್ಪಯ್ಯನವರು ಕನ್ನಡಕ ಏರಿಸಿ ಓದತೊಡಗಿದರು.

"'ಸ್ವಗ್ರಾಮದಲ್ಲಿಯೇ ವಾಸವಾಗಿರತಕ್ಕದ್ದು.'" ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. "'ಕರೆದಾಗ ತಪ್ಪದೆ ಹಾಜರಾಗತಕ್ಕದ್ದು. ತಾಲ್ಲೂಕು ಬಿಟ್ಟು ಹೋಗುವುದಾದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು. ಆರು ತಿಂಗಳ ತರುವಾಯ ಅಮಲ್ದಾರರಿಂದ ನಡತೆಯ ವರದಿ ತರಿಸಿಕೊಂಡು, ಹುದ್ದೆಯನ್ನು ಖಾಯಂ ಮಾಡಬೇಕೋ ರದ್ದು ಮಾಡಬೇಕೋ ತೀರ್ಮಾನಿಸಲಾಗುವುದು.'"

ಪಟೇಲ ತೀರ್ಥಪ್ಪನವರು ಮೆಲ್ಲಗೆ ಕೇಳಿದರು, "ಸಂಬಳ?"

"ಕರೆದಾಗ ಪೂರ್ತಿ ಕೊಡ್ತಾರೆ. ಮನೇಲಿರೋವಾಗ ಒಂಚೂರು" ಎಂದ ಸಣ್ಣಬೀರಪ್ಪ, ಎದೆ ಸೆಟೆಸಿ.

ಪಟೇಲರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಧೈರ್ಯವಾಗಿರಪ್ಪ. ಮನುಷ್ಯರಿಗಲ್ದೆ ಮರಕ್ಕೆ ಬತ್ತದಾ?"

ಅಭಿನಂದಿಸುವುದರಲ್ಲಿ ಇದೊಂದು ಬಗೆಯಿರಬೇಕು ಎಂದುಕೊಂಡು ಸಣ್ಣಬೀರಪ್ಪ ಕಾಲು ಜೋಡಿಸಿ ಸಲಾಂ ಹೊಡೆದ.

ಮುಂದಿನ ದಿನಗಳಲ್ಲಿ ಅವನಿಗೆ ಸಂದ ಮರ್ಯಾದೆ ಆ ಊರಿನಲ್ಲಿ ಯಾರಿಗೂ ಸಂದದ್ದಿಲ್ಲ. ಅವನು ಬರುವುದು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದರು. ಕ್ಷೌರದವನು ಬಾಯಿ ಮುಚ್ಚಿಕೊಂಡು ಕ್ಷೌರ ಮಾಡಿದ, ಇದು ಆ ಮನುಷ್ಯನ ಜನ್ಮದಲ್ಲಿ ಮೊದಲನೆಯ ಸಲ. ಪಕ್ಕದ ಮನೆಯ ಹುಚ್ಚಮ್ಮ, ಯಾರಿಗೂ ಒಂದು ಸೌಟು ಮಜ್ಜಿಗೆ ಕೊಟ್ಟವಳಲ್ಲ, ಮೂರು ದಿನಕ್ಕೊಮ್ಮೆ ಹೀರೇಕಾಯಿ ತಂದು ಬಾಗಿಲಲ್ಲಿಟ್ಟು, ಅವನ ಹೆಂಡತಿಗೆ, "ತಿನ್ನಲಿ ಕಣೇ ದುರ್ಗಮ್ಮ, ಮುಂದೆ ಹೆಂಗೋ ಏನೋ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಹೋಗುತ್ತಿದ್ದಳು. ಬಾವಿಯ ಹತ್ತಿರ ದುರ್ಗಮ್ಮನಿಗೆ ಹೆಂಗಸರು ಮೊದಲು ಹಗ್ಗ ಬಿಟ್ಟುಕೊಟ್ಟರು.

"ನೋಡ್ದಾ?" ಎಂದ ಸಣ್ಣಬೀರಪ್ಪ ಹೆಂಡತಿಗೆ. "ಆಫೀಸರು ಅಂದ್ರೆ ಇದು."

"ಅದ್ಸರಿ, ಎಲ್ರೂ ಯಾಕೆ ನನ್ನ ತಲೆ ಸವರ್ತಾರೆ?" ಎಂದಳು ದುರ್ಗಮ್ಮ.

"ನಿನಗೆ ಗೊತ್ತಾಗಲ್ಲ ಸುಮ್ನಿರು."

ಮರ್ಯಾದೆ ಬಂತು ಸರಿ, ಆದರೆ ಅದನ್ನು ಇಟ್ಟುಕೊಂಡು ದಿನವಿಡೀ ಮಾಡುವುದೇನು? ಹದಿನಾಲ್ಕು ವರ್ಷ ಕಹಳೆಯ ಸದ್ದಿಗೆ ಎದ್ದ ದೇಹ, ಕೋಳಿ ಕೂಗುವ ಮುಂಚೆಯೇ ಎದ್ದು ಕೂತುಬಿಡುತ್ತಿತ್ತು. ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೂರು ಸಲ ಅಳೆದ. ಸೌದೆಯನ್ನು ಉದ್ದಕ್ಕೆ ತಕ್ಕ ಹಾಗೆ ಸಾಲು ನಿಲ್ಲಿಸಿದ. ಎಮ್ಮೆಗೆ ಹೊತ್ತಿಗೆ ಸರಿಯಾಗಿ ಮೇವು, ಹೊತ್ತಿಗೆ ಸರಿಯಾಗಿ ನೀರು, ನಡೆದರೆ ದಾರಿಯ ಎಡಗಡೆಯಲ್ಲೇ ನಡೆಯಬೇಕು ಎಂದು ತಿದ್ದಿದ. ಕಂಡವರ ಎತ್ತಿನ ಗೊರಸು ಎತ್ತಿ ನೋಡಿದ. ಇಷ್ಟಾದರೂ ಹೊತ್ತು ಮುಳುಗದೆ, ದಿನಕ್ಕೆರಡು ಸಲ ಅಜ್ಜಂಪುರಕ್ಕೆ ನಡೆದು, ಟಪಾಲು ರೈಲಿನ ಮುಂದೆ ನಿಂತು, "ನನಗೇನಾದ್ರೂ ಕರೆ ಬಂದೈತಾ?" ಎಂದು ಕೇಳಿ ಬರುತ್ತಿದ್ದ.

ಊರಿಗೆ ಇನ್ಯಾವ ಸಾಕ್ಷಿಯೂ ಬೇಕಾಗಲಿಲ್ಲ. "ಪಾಪ, ವಾಪಸ್ ತಗೊಳ್ತಾರಾ ಅಂತ ಕಾಯ್ತಾವ್ನೆ. ಕೂತಲ್ಲಿ ಕೂರಕ್ಕಾಗ್ತಿಲ್ಲ, ನಿಂತಲ್ಲಿ ನಿಲ್ಲಕ್ಕಾಗ್ತಿಲ್ಲ. ಮಾಡಿದ್ದು ಸುಡ್ತಾ ಇರುತ್ತೆ" ಎಂದು ಕಟ್ಟೆ ನಿಟ್ಟುಸಿರು ಬಿಟ್ಟಿತು.

ಐದು ತಿಂಗಳು ಹೀಗೆ ಎರಡು ಕಡೆಯವರಿಗೂ ಸಂತೋಷವಾಗಿಯೇ ಕಳೆಯಿತು. ಆಮೇಲೆ ಯಗಟಿಯಿಂದ ಮಾವ ಕರಿಯಪ್ಪ ಬಂದ. ಕಡೂರಿನಲ್ಲಿ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದು, ಕಂಬಳಿ ಹೊದ್ದುಕೊಂಡು ನಡೆದು ಬಂದವನು ನೀರೂ ಮುಟ್ಟದೆ ಜಗಲಿಯ ಮೇಲೆ ಕುಸಿದ.

"ಎಷ್ಟಪ್ಪಾ ತಿಂದೆ?"

"ಎರಡು ಮುದ್ದೆ ಮಾವ. ಯಾಕೆ?"

"ತಮಾಷೆ ಮಾಡ್ಬೇಡ ಅಳಿಯ. ನನ್ನ ಕುರಿ ಹಿಂಡಿನ ಮುಂದೆ ನಾನು ತಲೆ ಎತ್ಕೊಂಡು ಓಡಾಡಂಗಿಲ್ಲ. ಸಸ್ಪೆಂಡಾದ ಅಳಿಯ ನಂಗೊಬ್ಬನಿಗೇ ಇರೋದು ಯಗಟೀಲಿ."

"ಸಸ್ಪೆಂಡಾ? ಯಾರು?" ಎಂದ ಸಣ್ಣಬೀರಪ್ಪ. ಕರಿಯಪ್ಪ ಕಣ್ಣೊರೆಸಿಕೊಂಡು ಸಮಾಧಾನ ಹೇಳಿದ. "ಹೆದರ್ಬೇಡ. ಅರ್ಜಿ ಹೋಗೈತೆ. ಹೋದ ತಿಂಗಳು ಶಾನುಭೋಗರು ಬರ್ದು ಯಗಟಿಗೂ ಕಳ್ಸಿದ್ರು, ನಾನೂ ಹೆಬ್ಬೆಟ್ಟು ಒತ್ತಿವ್ನಿ. ಒಟ್ಟು ಎಂಬತ್ನಾಕು ಹೆಬ್ಬೆಟ್ಟು!"

"ಯಾರಿಗೆ ಅರ್ಜಿ?"

"ತರೀಕೆರೆ ಅಮಲ್ದಾರ್ ಸಾಹೇಬ್ರಿಗೆ. ನಿನ್ನ ತಪ್ಪು ಹೊಟ್ಟೆಗೆ ಹಾಕ್ಕೊಳ್ಳಿ ಅಂತ."

ಹುದ್ದೆ ಖಾಯಮಾಗಬೇಕಾದರೆ ಯಾರು ನಡತೆಯ ವರದಿ ಬರೆಯಬೇಕೋ ಅವರಿಗೇ! ಸಣ್ಣಬೀರಪ್ಪ ಒಂದು ಕಾಲಿಗೆ ಮಾತ್ರ ಪಟ್ಟಿ ಸುತ್ತಿಕೊಂಡಿದ್ದ, ಇನ್ನೊಂದರದು ಬೀದಿಯುದ್ದ ಎಳೆದಾಡುತ್ತಿರಲು ಶಾನುಭೋಗರ ಮನೆಗೆ ಓಡಿದ.

ತಿಮ್ಮಪ್ಪಯ್ಯನವರು ಅರ್ಜಿಯ ನಕಲನ್ನು ಜೋಪಾನವಾಗಿ ಇಟ್ಟಿದ್ದರು. ಬರವಣಿಗೆ ಚೆನ್ನಾಗಿ ಬಂದಾಗ ಅವರು ನಕಲು ಇಡುತ್ತಿದ್ದರು. "ಕೇಳು. 'ಈ ಬಡಪಾಯಿ ಸಣ್ಣಬೀರಪ್ಪನು ಮಾಡಿರುವ ಅಪರಾಧವು ಎಷ್ಟೇ ಘೋರವಾಗಿದ್ದಾಗ್ಯೂ, ಅವನು ಹೆಂಡತಿಯುಳ್ಳವನಾದ್ದರಿಂದಲೂ, ಚಿಕ್ಕಂದಿನಿಂದ ಸ್ವಲ್ಪ ಮಂದಬುದ್ಧಿಯವನಾದ್ದರಿಂದಲೂ, ತಾವು ತಂದೆತಾಯಿಗಳಂತೆ...' ಹೇಗಿದೆ?"

"ಸ್ವಾಮಿ, ನಾನೇನೂ ಮಾಡಿಲ್ಲ!"

"ಅದನ್ನೂ ಹಾಕಿದೀನಿ. 'ತಾನೇನೂ ಮಾಡಿಲ್ಲವೆಂದು ಮುಂದೆ ಹೇಳಿದಾಗ್ಯೂ ಅದು ಭಯದಿಂದ' ಅಂತ."

ಅವನ ಕೂಗಾಟಕ್ಕೆ ಕಟ್ಟೆಯೆಲ್ಲ ಅಲ್ಲಿಗೆ ಎದ್ದು ಬಂತು. ನಾನು ಏನು ಮಾಡಿದೀನಿ ಅಂತ ತಿಳ್ಕೊಂಡಿದೀರಿ, ಹೇಳಿ ನೋಡಾಣ ಎಂದು ಸಣ್ಣಬೀರಪ್ಪ ಸವಾಲು ಹಾಕಿದ. ಹಾಗೆ ಕೇಳಬಾರದಿತ್ತು. ಇಪ್ಪತ್ತು ಹೇಸರಗತ್ತೆ ಮಾರಿಕೊಂಡಿದ್ದಾನೆ ಎಂದರು ಪಟೇಲರು. ಹೇಸರಗತ್ತೆಯಲ್ಲ, ಬಸ್ರಾದಲ್ಲಿ ಒಬ್ಬಳನ್ನು ಮದುವೆಯಾಗಿ ಬಂದಿದ್ದಾನೆ, ಅವಳ ಅಣ್ಣತಮ್ಮಂದಿರು ಅರ್ಜಿ ಹಾಕಿದ್ದಾರೆ ಎಂದಳು ಹುಚ್ಚಮ್ಮ, ಅಣ್ಣತಮ್ಮಂದಿರ ಸಂಖ್ಯೆಯನ್ನೂ ಹೇಳಿದಳು. ದಂಡಿನ ಗುಟ್ಟನ್ನು ಜರ್ಮನಿಯವರಿಗೆ ಕೊಟ್ಟಿದ್ದಾನೆ ಎಂದ ಕ್ಷೌರದವನು, ಐದು ತಿಂಗಳ ಮೌನ ಮುರಿದು.

"ಕೊಡಕ್ಕೆ ನನ್ನ ಹತ್ರ ಲದ್ದಿ ಬಿಟ್ರೆ ಏನಯ್ಯಾ ಇತ್ತು?" ಎಂದು ಸಣ್ಣಬೀರಪ್ಪ ಅರಚಿದ.

"ನೋಡಿದ್ರಾ," ಎಂದರು ಪಟೇಲರು ಮರುಕದಿಂದ, "ಎಷ್ಟು ಕ್ವಾಪ ಬತ್ತದೆ. ನಿಜವಾಗ್ಲೂ ಮಾಡಿರೋರಿಗೇ ಹಿಂಗೆ ಬರೋದು."

ಇದಾಗಿ ಹತ್ತು ದಿನಕ್ಕೆ ಕರೆ ಬಂತು. ದಂಡಿನದಲ್ಲ, ಅಮಲ್ದಾರರದು. ಅಜ್ಜಂಪುರದ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದೇವೆ, ಸಣ್ಣಬೀರಪ್ಪ ಎಂಬವನು ಬೆಳಿಗ್ಗೆ ಹಾಜರಾಗತಕ್ಕದ್ದು ಎಂದು ಜವಾನ ಬಂದು ಹೇಳಿದ. ಸಣ್ಣಬೀರಪ್ಪ ಒಬ್ಬನೇ ಹೋಗುತ್ತೇನೆಂದು ಊರಿಗೆಲ್ಲ ಕೈಮುಗಿದ. ಊರು ಕೇಳುತ್ತದೆಯೇ? ಆರು ಗಾಡಿ ಕಟ್ಟಿತು. ಕಷ್ಟಕಾಲದಲ್ಲಿ ಒಬ್ಬನನ್ನೇ ಕಳಿಸುವ ಊರಲ್ಲ ಅದು.

ಅಮಲ್ದಾರರು ಬಂಗಲೆಯ ಜಗಲಿಯಲ್ಲಿ ಎರಡು ಕಾಗದ ಮುಂದಿಟ್ಟುಕೊಂಡು ಕೂತಿದ್ದರು. ಹಿಂದಿನ ರಾತ್ರಿ ನಿದ್ದೆ ಬಂದಿಲ್ಲವೆಂದು ಮುಖ ಹೇಳುತ್ತಿತ್ತು. ಒಂದು ಕಾಗದ ಎತ್ತಿದರು. "ಇದು ದಂಡಿನವರದು. 'ಈತನ ನಡತೆ ಹೇಗೆ? ಊರಿನಲ್ಲಿ ನಾಲ್ಕು ಜನ ಈತನ ಮಾತಿಗೆ ಬೆಲೆ ಕೊಡುತ್ತಾರೆಯೇ?'" ಇನ್ನೊಂದು ಎತ್ತಿದರು. "ಇದು ಊರಿನವರದು. ಎಂಬತ್ತನಾಲ್ಕು ಜನ ನಿನ್ನ ಘೋರಾಪರಾಧವನ್ನು ಕ್ಷಮಿಸಬೇಕು ಅಂತಾರೆ. ದಂಡಿನವರಿಗೆ ಬರೆದು ಕೇಳಿದೆ. ಯಾವ ಅಪರಾಧವೂ ಇಲ್ಲ ಅಂತ ಉತ್ತರ ಬಂತು. ಏನಯ್ಯಾ ಇದು?"

"ನಾನು ಹೇಳಿದ್ದೂ ಅದೇ ಸ್ವಾಮಿ!" ಸಣ್ಣಬೀರಪ್ಪ ಒಂದು ಹೆಜ್ಜೆ ಮುಂದೆ ಬಂದ. "ಏನೂ ಇಲ್ಲ ಅಂತ ಬರೆದು ಅರ್ಜಿ ಹರಿದು ಬಿಸಾಕಿ."

"ಹರಿಯೋಕೆ ಬರೋಲ್ಲ. ದಾಖಲಾಗಿದೆ." ಅಮಲ್ದಾರರು ಹಣೆ ಒತ್ತಿಕೊಂಡರು. "ಅಪರಾಧವೇ ಇಲ್ಲ ಅಂತ ಬರೆದರೆ, ಈ ಎಂಬತ್ತನಾಲ್ಕು ಜನ ಸರ್ಕಾರಕ್ಕೆ ಸುಳ್ಳು ಬರೆದ ಹಾಗಾಯ್ತು. ಒಬ್ಬೊಬ್ಬರನ್ನೇ ವಿಚಾರಿಸಬೇಕು. ಮುಗಿಯೋಕೆ ವರ್ಷ ಬೇಕು. ಅಲ್ಲಿವರೆಗೆ ನಿನ್ನ ನಡತೆ ವರದಿ ಕಳಿಸೋ ಹಾಗಿಲ್ಲ. ಈ ತಿಂಗಳು ಕಳೆದರೆ ನಿನ್ನ ಹುದ್ದೆ ರದ್ದು. ಅರ್ಜಿ ತಿರಸ್ಕರಿಸಿದೆ ಅಂತ ಬರೆದರೆ, ಅಪರಾಧ ಮಾಡಿದಾನೆ, ಕ್ಷಮೆ ಇಲ್ಲ ಅಂತ ಆಗುತ್ತೆ. ಆಗಲೂ ಹುದ್ದೆ ರದ್ದು."

"ಹಂಗಾರೆ?"

"ಕ್ಷಮಿಸಿದೆ ಅಂತಲೇ ಬರೆಯಬೇಕು. ಆದರೆ ಕ್ಷಮಿಸೋಕೆ ಒಂದು ತಪ್ಪು ಬೇಕು. ಸಣ್ಣದು. ನನ್ನ ಅಧಿಕಾರದೊಳಗಿನದು. ಏನಾದರೂ ಮಾಡಿದೀಯಾ, ಜ್ಞಾಪಿಸಿಕೋ."

ಸಣ್ಣಬೀರಪ್ಪ ಜ್ಞಾಪಿಸಿಕೊಂಡ. ಬಿಸಿಲೇರುವವರೆಗೂ ಜ್ಞಾಪಿಸಿಕೊಂಡ. ಹಿಂದೆ ಗಾಡಿಗಳಿಂದ ಇಳಿದ ಜನ ಸಹಾಯಕ್ಕೆ ಮುಂದೆ ಬಂದರು.

"ಇಪ್ಪತ್ತು ಹೇಸರಗತ್ತೆ ಸ್ವಾಮಿ" ಎಂದರು ಪಟೇಲರು.

"ದೊಡ್ಡದಾಯ್ತು" ಎಂದರು ಅಮಲ್ದಾರರು.

"ಎರಡನೇ ಹೆಂಡ್ತಿ, ಬುದ್ಧಿ" ಎಂದಳು ಹುಚ್ಚಮ್ಮ.

"ಅದು ನನ್ನ ಇಲಾಖೆಯಲ್ಲ."

ಆಗ ದುರ್ಗಮ್ಮ ಸೆರಗು ಸರಿಮಾಡಿಕೊಂಡು ಕಂಬದ ಮರೆಯಿಂದ ಹೇಳಿದಳು, "ನಮ್ಮ ಎಮ್ಮೆ ಸರ್ಕಾರಿ ಕಾವಲಿಗೆ ನುಗ್ಗಿತ್ತು ಸ್ವಾಮಿ."

ಅಮಲ್ದಾರರ ಮುಖದಲ್ಲಿ ಬೆಳಕಾಯಿತು. ಸರ್ಕಾರದ ಹುಲ್ಲುಗಾವಲಿಗೆ ಸ್ವಂತ ದನ ಬಿಡುವುದು ತಪ್ಪು, ಆದರೆ ಅಳತೆಗೆ ಸರಿಯಾದ ತಪ್ಪು. "ಯಾವಾಗ ನುಗ್ಗಿತ್ತಮ್ಮ?"

"ಎಮ್ಮೆ ಅಂದ್ಮ್ಯಾಲೆ ಯಾವಾಗಾದ್ರೂ ನುಗ್ಗಿರ್ತದೆ."

"ಸುಳ್ಳು!" ಸಣ್ಣಬೀರಪ್ಪ ಕಾಲು ಜೋಡಿಸಿದ. "ನಾನು ಬಂದಾಗಿನಿಂದ ಅದು ಗೆರೆ ದಾಟಿಲ್ಲ ಸ್ವಾಮಿ. ಅದಕ್ಕೆ ಶಿಸ್ತು ಕಲಿಸಿದೀನಿ. ಮಾಡದೆ ಇರೋದಕ್ಕೆ ಮಾಡಿದೀನಿ ಅಂತ ರುಜು ಹಾಕಿದ್ರೆ ನಾನು ಯಾವ ಸೀಮೆ ಆಫೀಸರು?"

ಊರಿನವರು ತಲೆ ಚಚ್ಚಿಕೊಂಡರು. ಕರಿಯಪ್ಪ ಮಗಳ ಕಡೆ ನೋಡಿ, "ಇವನು ಹುಟ್ಟಿದ್ದೇ ಹಿಂಗಾ, ದಂಡಲ್ಲಿ ಆದದ್ದಾ?" ಎಂದ. ಅಮಲ್ದಾರರು ಜೇಬಿನ ಗಡಿಯಾರ ತೆಗೆದು ನೋಡಿದರು. ಸಂಜೆಯ ರೈಲಿಗೆ ಹೊರಡಬೇಕಿತ್ತು.

"ಕಾವಲು ಎಲ್ಲಿದೆ?"

"ನಮ್ಮೂರ ದಾರೀಲೇ ಸ್ವಾಮಿ."

"ಎಮ್ಮೆ?"

"ಮನೇಲಿ."

"ಹಾಗಾದರೆ ಏಳಿ. ಈಗ ಮಾಡಿ. ಆಮೇಲೆ ನಿಜ ಹೇಳು."

ಹೀಗೆ ಸರ್ಕಾರದ ಇತಿಹಾಸದಲ್ಲಿ ಎಲ್ಲಿಯೂ ಬರೆದಿಡದ ಒಂದು ಮೆರವಣಿಗೆ ಅಜ್ಜಂಪುರದಿಂದ ಹೊರಟಿತು. ಮುಂದೆ ಅಮಲ್ದಾರರ ಜಟಕಾ, ಹಿಂದೆ ಆರು ಗಾಡಿ, ಅವುಗಳ ಮುಂದೆ ಹಿಂದೆ ಚಡಪಡಿಸುತ್ತ ಓಡಾಡುವ ಜಮಾದಾರರು. ಕಾವಲಿನ ಅಂಚಿನಲ್ಲಿ, ಮೊಣಕಾಲುದ್ದದ ಕಂದಕದ ಮುಂದೆ, ದುರ್ಗಮ್ಮ ಮನೆಯಿಂದ ಎಮ್ಮೆ ಹಿಡಿದು ತಂದು ನಿಲ್ಲಿಸಿದಳು. ಆಚೆ ಹುಲ್ಲು ಹಸುರಾಗಿ ತೂಗುತ್ತಿತ್ತು.

ಎಮ್ಮೆ ಹುಲ್ಲು ನೋಡಿತು. ಸಣ್ಣಬೀರಪ್ಪನನ್ನು ನೋಡಿತು. ಎಡಗಡೆಗೆ ಸರಿದು ನಿಂತಿತು.

"ಹೋಗು" ಎಂದ ಸಣ್ಣಬೀರಪ್ಪ.

ಹೋಗಲಿಲ್ಲ. ಐದು ತಿಂಗಳು ಹೇಳಿಕೊಟ್ಟ ಪಾಠ ಅಷ್ಟು ಸುಲಭವಾಗಿ ಮರೆಯುವ ಪ್ರಾಣಿಯಲ್ಲ ಅದು. ಬಸ್ರಾದಲ್ಲಿ ಹೇಸರಗತ್ತೆಗೆ ಕೊಡುತ್ತಿದ್ದ ಅಪ್ಪಣೆಗಳನ್ನೆಲ್ಲ ಒಂದೊಂದಾಗಿ ಕೊಟ್ಟ. ಕೊನೆಯ ಅಪ್ಪಣೆಗೆ ಅಮಲ್ದಾರರ ಜಟಕಾದ ಕುದುರೆ ನಾಲ್ಕು ಹೆಜ್ಜೆ ಮುಂದೆ ಹೋಯಿತು, ಎಮ್ಮೆ ಕದಲಲಿಲ್ಲ. ಪಟೇಲರು ಬಾಲ ತಿರುವಿದರು. ಕರಿಯಪ್ಪ ಕುರಿ ಕರೆಯುವ ಹಾಗೆ ಕರೆದ. ಹುಚ್ಚಮ್ಮ ಕಂದಕದ ಆಚೆ ಇಳಿದು ಹುಲ್ಲು ಕಿತ್ತು ಮೂತಿಗೆ ತೋರಿಸಿದಳು.

ಕಾವಲು ಕಾಯುವವನು ಕೋಲು ಹಿಡಿದು ಓಡಿ ಬಂದ. "ಯಾರ್ಲಾ ಅದು ಹುಲ್ಲು ಕೀಳೋರು?" ಎಂದವನು ಅಮಲ್ದಾರರನ್ನು ಕಂಡು ಹೆದರಿ ಬಗ್ಗಿದ.

"ಸುಮ್ಮನೆ ನಿಂತುಕೋ" ಎಂದರು ಅಮಲ್ದಾರರು. "ಈ ಎಮ್ಮೆ ಒಳಗೆ ಬಂದ ಮೇಲೆ ಹಿಡಿಯಬೇಕು."

"ಬರ್ತಿಲ್ವಲ್ಲ ಬುದ್ಧಿ?"

"ಅದೇ ಕಷ್ಟ. ನೀನೂ ಒಂದು ಕೈ ಹಾಕು."

ಕೊನೆಗೆ ಊರು, ಕಾವಲುಗಾರ, ಜಟಕಾದವನು, ಖಾಕಿ ಕೋಟಿನ ಜಮಾದಾರರು ಎಲ್ಲರೂ ಸೇರಿ ಭುಜ ಕೊಟ್ಟು ನೂಕಿದರು. ಎಮ್ಮೆ ಕಂದಕಕ್ಕೆ ಜಾರಿ, ಆಚೆ ದಡ ಹತ್ತಿ, ನಾಚಿಕೆಯಿಂದ ಎಂಬಂತೆ ಒಂದೇ ಒಂದು ಬಾಯಿ ಹುಲ್ಲು ತಿಂದಿತು. ಜನ ಹೋ ಎಂದರು. "ಹಿಡಿದೆ!" ಎಂದು ಕಾವಲುಗಾರ ಹಗ್ಗಕ್ಕೆ ಕೈಹಾಕಿದ. "ತಪ್ಪಾಯ್ತು ಸ್ವಾಮಿ!" ಎಂದು ಸಣ್ಣಬೀರಪ್ಪ ಕೆಸರಿನಲ್ಲಿ ನಿಂತೇ ಸಲಾಂ ಹೊಡೆದ. ಈಗ ಅವನ ದನಿಯಲ್ಲಿ ಸುಳ್ಳಿರಲಿಲ್ಲ.

ಅಮಲ್ದಾರರು ಜಟಕಾದ ಹಲಗೆಯ ಮೇಲೆ ಎರಡು ಕಾಗದ ಬರೆದರು. ದಂಡಿನವರಿಗೆ: 'ಈತನು ಏನೂ ಮಾಡದಿದ್ದಾಗಲೂ ಎಂಬತ್ತನಾಲ್ಕು ಜನ ಈತನ ಪರವಾಗಿ ನಿಂತದ್ದನ್ನು ನಾನು ಕಂಡಿದ್ದೇನೆ. ಈತನ ಒಂದು ಕೂಗಿಗೆ ಊರೆಲ್ಲ ಹೆಗಲು ಕೊಡುತ್ತದೆ. ಹುದ್ದೆಯನ್ನು ಖಾಯಂ ಮಾಡಬಹುದು.' ಊರಿನವರಿಗೆ ಬರೆದದ್ದು ಒಂದೇ ಸಾಲು. ಅದನ್ನು ತಿಮ್ಮಪ್ಪಯ್ಯನವರ ಕೈಗೆ ಕೊಟ್ಟು, ಯಾರೂ ಇನ್ನೊಂದು ಅರ್ಜಿ ಬರೆಯುವುದರೊಳಗೆ ಎಂಬಂತೆ ಕುದುರೆ ಹೊಡೆಸಿಕೊಂಡು ಹೋದರು.

ತಿಮ್ಮಪ್ಪಯ್ಯನವರು ಓದಿದರು. "'ಸಣ್ಣಬೀರಪ್ಪನ ಅಪರಾಧ: ಎಮ್ಮೆಯನ್ನು ಕಾವಲಿಗೆ ಬಿಟ್ಟದ್ದು. ಕ್ಷಮಿಸಲಾಗಿದೆ.'"

ಆ ಎಮ್ಮೆಯನ್ನು ಈಗತಾನೆ ನೂಕಿ ಊರಿನವರ ಭುಜ ಇನ್ನೂ ನೋಯುತ್ತಿತ್ತು. ಆದರೆ ಕಣ್ಣಾರೆ ಕಂಡದ್ದು ಬೇರೆ, ಸರ್ಕಾರದ ಕಾಗದ ಬೇರೆ.

"ಅಷ್ಟೇನಾ?" ಎಂದರು ಪಟೇಲರು.

"ಅಷ್ಟೇ ಬರೆದಿದೆ."

"ಹೇಸರಗತ್ತೆ?"

"ಇಲ್ಲ."

"ಆಚೆ ಹೆಂಡ್ತಿ?" ಹುಚ್ಚಮ್ಮನ ದನಿ ನಡುಗಿತು.

"ಇಲ್ಲ ಕಣೇ, ಎಮ್ಮೆ ಒಂದೇ."

"ಥೂ," ಎಂದ ಕರಿಯಪ್ಪ. "ನಾನು ಯಗಟಿಯಿಂದ ರೈಲಲ್ಲಿ ಬಂದದ್ದು ಒಂದು ಎಮ್ಮೆಗಾ? ಊರಿಗೋಗಿ ಏನಂತ ಹೇಳ್ಲಿ?"

"ನಾನು ಜಮಾದಾರ ಆದೆ ಅಂತ ಹೇಳು ಮಾವ! ಖಾಯಮ್ಮಾಯ್ತು!" ಎಂದ ಸಣ್ಣಬೀರಪ್ಪ. ಯಾರೂ ಅವನ ಕಡೆ ತಿರುಗಲಿಲ್ಲ. ಹೆಬ್ಬೆಟ್ಟು ಒತ್ತಿದ ಎಂಬತ್ತನಾಲ್ಕು ಜನಕ್ಕೂ ಮೋಸವಾಗಿತ್ತು. ಗಾಡಿಗಳು ಒಂದೊಂದಾಗಿ ಹೊರಟವು. ಬೆಳಿಗ್ಗೆ ಅವನಿಗೆಂದು ಮೆತ್ತಗೆ ಹುಲ್ಲು ಹಾಸಿದ್ದ ಗಾಡಿಯಲ್ಲಿ ಈಗ ಕ್ಷೌರದವನು ಕಾಲು ಚಾಚಿ ಕೂತು, ಪಕ್ಕದವನಿಗೆ ಒಂದೇ ಸಮನೆ ಹರಟೆ ಕೊಚ್ಚುತ್ತಿದ್ದ. "ಎಮ್ಮೆ ಹಿಡ್ಕೊಂಡು ನಡ್ಕೊಂಡೇ ಬಾರಯ್ಯ, ಜಾಗ ಇಲ್ಲ" ಎಂದರು ಪಟೇಲರು.

ಸಂಸ್ಥಾನದ ದಂಡಿನ ಖಾಯಂ ರಿಸರ್ವ್ ಜಮಾದಾರರು ಗಾಡಿಗಳ ದೂಳಿನಲ್ಲಿ ಎಮ್ಮೆ ಹಿಡಿದು ನಡೆದರು. ದುರ್ಗಮ್ಮ ಪಕ್ಕದಲ್ಲಿ ನಡೆದಳು. ಆಮೇಲೆ ತಡೆಯಲಾರದೆ ಹೇಳಿದಳು:

"ಇನ್ನೊಂಚೂರು ದೊಡ್ಡದು ಏನಾದ್ರೂ ಹೇಳ್ಬಾರ್ದಿತ್ತೇನ್ರೀ?"

"ಎಮ್ಮೆ ಅಂದಿದ್ದು ನೀನೇ ಅಲ್ವೇನೇ?"

"ನಾನು ಎಮ್ಮೆ ಬಿಟ್ಟು ಇನ್ನೇನು ಕಂಡಿವ್ನಿ?" ಎಂದಳು ದುರ್ಗಮ್ಮ. "ಬಸ್ರಾಕ್ಕೆ ಹೋಗಿ ಬಂದೋರು ನೀವು."